ಅಮ್ಮ ಕೂತ ಜಾಗಕ್ಕೆ ಮಾತು ತಲುಪುತ್ತಿರಲಿಲ್ಲ

"ಎಂತ ಹೇಳ್ತಾರೆ ಅಂತ ಗೊತ್ತೇ ಆಗುವುದಿಲ್ಲ ಮಗಾ. ಬರೀ ಗುಂಯ್ ಗುಂಯ್ ಅಂತದೆ."

ಕಳೆದ ಅಕ್ಟೋಬರ್‌ನಲ್ಲಿ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದ ಅಮ್ಮ, ಮನಾಮದ ಗುದೈಬಿಯದಲ್ಲಿರುವ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಕೂತು ಹೇಳಿದ ಮಾತಿದು. ಟಿ.ವಿ.ಯಲ್ಲಿ 'ಕೃಷ್ಣ ಸಂಧಾನ' ತಾಳಮದ್ದಳೆ ಬರುತ್ತಿತ್ತು. ಟಿ.ವಿ.ಯ ಸುತ್ತ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಹೊಚ್ಚ ಹೊಸ ಹೋಮ್ ಥಿಯೇಟರ್. ಅಮ್ಮ ಬರುತ್ತಾರೆಂದೇ ಕೊಂಡದ್ದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಹಾಡು ಮತ್ತು ಮಾತು. ಮಾತೇ ತಿಳಿಯದಿದ್ದರೆ ಉಳಿಯುವುದೇನು?

ನಾನು ಧ್ವನಿ ಏರಿಸಿದೆ. ಅಮ್ಮನಿಗೆ ಆಗಲೂ ತಿಳಿಯಲಿಲ್ಲ. ಇನ್ನಷ್ಟು ಏರಿಸಿದೆ. ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಬಾಗಿಲು ತೆರೆದರೆ ಕೆಳಗಿನ ಮನೆಯ ಮಲಯಾಳಿ ನರ್ಸ್. ಕಣ್ಣು ಕೆಂಪಾಗಿತ್ತು. "ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದೆ ಚೇಟ್ಟಾ. ನಿಮ್ಮ ಟಿ.ವಿ.ಯಲ್ಲಿ ಏನು ಬರುತ್ತಿದೆಯೋ ಗೊತ್ತಿಲ್ಲ, ನನ್ನ ಮಂಚ ಮಾತ್ರ ನಡುಗುತ್ತಿದೆ" ಎಂದರು.

ಒಂದೇ ಪೆಟ್ಟಿಗೆ, ಇಬ್ಬರಿಗೂ ಉಪದ್ರ. ಎದುರಿಗೆ ಕೂತ ಅಮ್ಮನಿಗೆ ಬೇಕಾದ ಮಾತು ಸಿಗುವುದಿಲ್ಲ, ಕೆಳಗೆ ಮಲಗಿದ ಹೆಣ್ಣುಮಗಳಿಗೆ ಬೇಡದ ಗುಡುಗು ತಪ್ಪುವುದಿಲ್ಲ. ಅಂದು ರಾತ್ರಿ ನಾನೂ ಹೆಂಡತಿಯೂ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದೆವು: ಅಮ್ಮನ ಕಿವಿ ಮಂದವಾಗಿದೆ.

ಮರುವಾರ ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಯಲ್ಲಿ ತಾರಸ್ವರಗಳು ಸ್ವಲ್ಪ ಕಡಿಮೆಯಾಗಿವೆ, ಎಪ್ಪತ್ತು ದಾಟಿದವರಲ್ಲಿ ಇದು ಸಾಮಾನ್ಯ ಎಂದರು ಪರೀಕ್ಷಿಸಿದ ತಜ್ಞೆ. ನಂತರ ಅಮ್ಮನನ್ನೇ ಕೇಳಿದರು: "ಫೋನಿನಲ್ಲಿ ಮಾತು ತಿಳಿಯುತ್ತದಾ?" ತಿಳಿಯುತ್ತದೆ. "ಅಡುಗೆಮನೆಯಲ್ಲಿ ಸೊಸೆ ಮಾತಾಡಿದರೆ?" ಅದೂ ತಿಳಿಯುತ್ತದೆ. "ಹಾಲ್‌ನಲ್ಲಿ ಮಾತ್ರ ತೊಂದರೆಯಾ? ಹಾಗಾದರೆ ಹಾಲ್‌ನ್ನೂ ಒಮ್ಮೆ ಪರೀಕ್ಷೆ ಮಾಡಿಸಿ" ಎಂದು ನಕ್ಕರು.

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಧ್ವನಿವಿಜ್ಞಾನದ ಗಂಧವೂ ಇರಲಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ನನ್ನ ಕಸುಬು. ಮೂರು ತಿಂಗಳು ಶುಕ್ರವಾರ, ಶನಿವಾರಗಳಲ್ಲಿ ನನ್ನದೇ ಹಾಲ್‌ನ ಆಡಿಟ್ ನಡೆಸಿದೆ. ಅದರಲ್ಲಿ ಸಿಕ್ಕಿದ್ದನ್ನು ಊರಿನಲ್ಲಿರುವ ನಿಮ್ಮೊಂದಿಗೆ ಹಂಚಿಕೊಳ್ಳಲು ಕಾರಣವಿದೆ. ಗಲ್ಫ್‌ನಲ್ಲಿ ದುಡಿಯುವ ನಾವು ಮನೆಗೆ ಹೊತ್ತು ತರುವ ಸಾಮಾನುಗಳಲ್ಲಿ ಹಾಡುವ ಪೆಟ್ಟಿಗೆಗೆ ಮೊದಲಿನಿಂದಲೂ ಒಂದು ಸ್ಥಾನವಿದೆ. ನಮ್ಮ ಹಿಂದಿನ ತಲೆಮಾರು ಟು-ಇನ್-ಒನ್ ಟೇಪ್ ರೆಕಾರ್ಡರ್ ತಂದಿತು, ನಾವು ಸೌಂಡ್‌ಬಾರ್, ಹೋಮ್ ಥಿಯೇಟರ್ ತರುತ್ತಿದ್ದೇವೆ. ಅದನ್ನು ಎಲ್ಲಿಡಬೇಕು, ಯಾರು ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ತೆಂಗಿನ ಮರದ ಕಹಳೆ

ಬಯಲಾಟದ ಗದ್ದೆಯನ್ನು ನೆನಪಿಸಿಕೊಳ್ಳಿ. ತೆಂಗಿನ ಮರಕ್ಕೆ ಕಟ್ಟಿದ ಕಹಳೆಯಾಕಾರದ ಸ್ಪೀಕರ್ ನಮ್ಮ ಮನೆಯ ಕಡೆಗೆ ಮುಖ ಮಾಡಿದ್ದರೆ ಭಾಗವತರ ಪದದ ಒಂದೊಂದು ಅಕ್ಷರವೂ ಅಂಗಳಕ್ಕೆ ಬರುತ್ತಿತ್ತು. ಅದೇ ಕಹಳೆಯ ಹಿಂದೆ ಹೋಗಿ ನಿಂತರೆ ಪದವೆಲ್ಲ ಕಂಬಳಿ ಹೊದ್ದಂತೆ ಮಸುಕು. ಶಬ್ದಕ್ಕೂ ಮುಖ, ಬೆನ್ನು ಇದೆ ಎಂದು ನಾವೆಲ್ಲ ಅಲ್ಲೇ ಕಲಿತಿದ್ದೆವು, ಆಮೇಲೆ ಮರೆತೆವು.

ಕಾರಣ ಸರಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 50 ಹರ್ಟ್ಜ್‌ನ ಮಂದ್ರಸ್ವರದ ಒಂದು ಅಲೆಯ ಉದ್ದ ಸುಮಾರು 7 ಮೀಟರ್, ಅಂದರೆ ನಮ್ಮ ಹಾಲ್‌ಗಿಂತ ದೊಡ್ಡದು. 5,000 ಹರ್ಟ್ಜ್‌ನ ತಾರಸ್ವರದ ಅಲೆ ಕೇವಲ 7 ಸೆಂಟಿಮೀಟರ್. ಸ್ಪೀಕರ್‌ಗಿಂತ ಬಹಳ ಉದ್ದದ ಅಲೆ ಚಿಮಣಿ ದೀಪದ ಬೆಳಕಿನಂತೆ ಸುತ್ತಲೂ ಹರಡುತ್ತದೆ, ಸೋಫಾ ಕಪಾಟುಗಳನ್ನು ಬಳಸಿಕೊಂಡು ಹೋಗುತ್ತದೆ. ಸ್ಪೀಕರ್‌ಗಿಂತ ಚಿಕ್ಕ ಅಲೆ ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತದೆ. 16 ಸೆಂಟಿಮೀಟರ್ ಅಗಲದ ವೂಫರ್ 2,000 ಹರ್ಟ್ಜ್ ದಾಟುತ್ತಲೇ ಟಾರ್ಚ್ ಆಗತೊಡಗುತ್ತದೆ. ಅದಕ್ಕೇ ಮೇಲಿನ ಸ್ವರಗಳಿಗೆ ಬೇರೆಯಾಗಿ ಎರಡೂವರೆ ಸೆಂಟಿಮೀಟರ್‌ನ ಪುಟ್ಟ ಟ್ವೀಟರ್ ಇಟ್ಟಿರುತ್ತಾರೆ. ಚಿಕ್ಕದಾದಷ್ಟೂ ಅಗಲಕ್ಕೆ ಹರಡುತ್ತದೆ.

ಮಾತಿನ ಗುಟ್ಟಿರುವುದೂ ಇಲ್ಲೇ. ಅ, ಆ, ಓ ಎಂಬ ಸ್ವರಗಳ ಬಲ ಕೆಳಗಿನ ಹರ್ಟ್ಜ್‌ಗಳಲ್ಲಿದೆ. ಸ, ಶ, ತ, ಕ, ಪ ಎಂಬ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲೆ, 2,000 ಹರ್ಟ್ಜ್‌ನಿಂದಾಚೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಭಾಗವನ್ನೇ. ಹಾಗಾಗಿ "ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳಿದರೆ ಅದು ಹಟವಲ್ಲ, ನೆಪವೂ ಅಲ್ಲ. ಅವರು ವಸ್ತುಸ್ಥಿತಿಯನ್ನೇ ಹೇಳುತ್ತಿದ್ದಾರೆ.

1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೇಳುಗರನ್ನು ಕೂರಿಸಿ, ಯಾವ ಸ್ಪೀಕರ್ ಎಂದು ಗೊತ್ತಾಗದಂತೆ ಮಾಡಿ ಅಂಕ ಕೊಡಿಸಿದರು. ಎದುರಿಗೆ ಮಾತ್ರವಲ್ಲ, ಬದಿಗೂ ಅದೇ ಹದದಲ್ಲಿ ಶಬ್ದ ಬೀರುವ ಸ್ಪೀಕರ್‌ಗಳಿಗೇ ಹೆಚ್ಚು ಅಂಕ ಬಂತು. ನಾವು ಕೇಳುವುದು ಎದುರಿನ ಶಬ್ದವನ್ನಷ್ಟೇ ಅಲ್ಲ. ಬದಿಗೆ ಹೋಗಿ ಗೋಡೆಗೆ ಬಡಿದು ಬಂದದ್ದನ್ನೂ ಕೇಳುತ್ತೇವೆ.

ಒಳ್ಳೆಯ ಜಾಗ ನನ್ನದಾಗಿತ್ತು

ಇದನ್ನೆಲ್ಲ ಓದಿದ ಮೇಲೆ ಒಂದು ಶುಕ್ರವಾರ ಅಮ್ಮನ ಕುರ್ಚಿಯಲ್ಲಿ ನಾನು ಕೂತೆ. ಅದುವರೆಗೆ ಕೂತೇ ಇರಲಿಲ್ಲ.

ಟಿ.ವಿ.ಯ ನೇರ ಎದುರಿನ ಮೂರು ಜನರ ಸೋಫಾದ ನಡು ಜಾಗ ನನ್ನದು. ಅಮ್ಮನಿಗೆ ಕೊಟ್ಟದ್ದು ಬಲಗಡೆಯ ಒಂಟಿ ಸೋಫಾ, ಎ.ಸಿ.ಯ ಕೆಳಗೆ. ಅಲ್ಲಿ ಕೂತು ತಾಳಮದ್ದಳೆ ಹಾಕಿದೆ. ಅರ್ಥಧಾರಿಗಳ ಮಾತು ಟೊಳ್ಳಾಗಿತ್ತು, ಒಳಗಿನ ತಿರುಳನ್ನು ಯಾರೋ ತೆಗೆದಂತೆ. ಮೇಲಿಂದ ಎ.ಸಿ.ಯ ಸದ್ದು. ಎದ್ದು ನನ್ನ ಜಾಗಕ್ಕೆ ಬಂದರೆ ಮಾತು ತುಂಬಿಕೊಂಡಿತು.

ಹೋಮ್ ಥಿಯೇಟರ್‌ನಲ್ಲಿ ಮಾತೆಲ್ಲ ಬರುವುದು ಟಿ.ವಿ.ಯ ಕೆಳಗಿನ ಸೆಂಟರ್ ಸ್ಪೀಕರ್‌ನಿಂದ. ನಮ್ಮದರಲ್ಲಿ ಟ್ವೀಟರ್‌ನ ಆಚೀಚೆ ಎರಡು ವೂಫರ್. ಎರಡರ ನಡುವೆ 30 ಸೆಂಟಿಮೀಟರ್. ನೇರ ಎದುರು ಕೂತವರಿಗೆ ಎರಡೂ ಸಮದೂರ. ಅಮ್ಮನ ಜಾಗವಿದ್ದದ್ದು ಸುಮಾರು 30 ಡಿಗ್ರಿ ಬದಿಗೆ. ಅಲ್ಲಿಗೆ ಒಂದು ವೂಫರ್ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ದೂರ. 1,140 ಹರ್ಟ್ಜ್‌ನ ಅಲೆಗೆ ಅದು ಸರಿಯಾಗಿ ಅರ್ಧ ಅಲೆ. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಜಮಾ ಖರ್ಚು ಒಂದನ್ನೊಂದು ತಿಂದು ಬಾಕಿ ಸೊನ್ನೆ. ಆ ಸುತ್ತಮುತ್ತಲ ಸ್ವರಗಳೆಲ್ಲ ಮಾತಿನ ನಟ್ಟನಡುವೆ ಇರುವಂಥವು.

ಕಿವಿಯ ತಪ್ಪಲ್ಲ, ಕುರ್ಚಿಯ ತಪ್ಪು. ಕುರ್ಚಿ ಇಟ್ಟವನ ತಪ್ಪು.

ಅಂದಿನಿಂದ ನಡುವಿನ ಜಾಗ ಅಮ್ಮನದಾಯಿತು. ಸೆಂಟರ್ ಸ್ಪೀಕರ್‌ನ ಮುಂಭಾಗವನ್ನು ಸ್ವಲ್ಪ ಎತ್ತಿ ಕಿವಿಯ ಎತ್ತರಕ್ಕೆ ಮುಖ ಮಾಡಿಸಿದೆ. ನಾಲ್ಕೂ ದಿಕ್ಕಿನಿಂದ ಶಬ್ದ ಬರುವ ಸರೌಂಡ್ ಮೋಡ್ ತೆಗೆದು, ಮಾತನ್ನು ಮುಂದೆ ತರುವ ಡೈಲಾಗ್ ಮೋಡ್ ಹಾಕಿದೆ. ಖರ್ಚು ಒಂದು ಫಿಲ್ಸ್ ಕೂಡ ಇಲ್ಲ.

ಅಂಬೆಗಾಲಿಟ್ಟ ಆಡಿಟರ್

ಇನ್ನು ನರ್ಸ್ ತಂಗಿಯ ದೂರು. ಜಾಗ ಉಳಿಯಲಿ ಎಂದು ಸಬ್‌ವೂಫರ್‌ನ್ನು ಮೂಲೆಗೆ ತಳ್ಳಿದ್ದೆ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ.

ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡದಾಗಿ ತೂಗುತ್ತದಲ್ಲ, ಕೋಣೆಯೂ ಹಾಗೆಯೇ. ಎದುರುಬದುರು ಗೋಡೆಗಳ ನಡುವಿನ ದೂರದ ಎರಡರಷ್ಟಿರುವ ಅಲೆ ಬಂದರೆ ಕೋಣೆ ತೂಗತೊಡಗುತ್ತದೆ. ನಮ್ಮ ಹಾಲ್ 5.5 ಮೀಟರ್ ಉದ್ದ, 4 ಮೀಟರ್ ಅಗಲ, 2.8 ಮೀಟರ್ ಎತ್ತರ. ಲೆಕ್ಕ ಹಾಕಿದರೆ 31, 43, 61 ಹರ್ಟ್ಜ್‌ಗಳಲ್ಲಿ ಅದು ಎದ್ದು ಕುಣಿಯುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಈ ಮೂರನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಗೋಡೆಗೆ ಒರಗಿಸಿಟ್ಟ ಸೋಫಾದಲ್ಲಿ ಕೂತವರಿಗೆ ಅತಿಯಾಗಿ, ಹಾಲ್‌ನ ಮಧ್ಯದಲ್ಲಿ ಕೂತವರಿಗೆ ತೀರಾ ಕಡಿಮೆಯಾಗಿ ಕೇಳಿಸುತ್ತದೆ.

ಇದಕ್ಕೆ ಬಲ್ಲವರು ಹೇಳುವ ಉಪಾಯ ನೋಡಿದರೆ ನಗು ಬರುತ್ತದೆ, ಆದರೆ ಫಲ ಕೊಡುತ್ತದೆ. ಸಬ್‌ವೂಫರ್‌ನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಮಂದ್ರಸ್ವರ ಹಾಕಿ. ಆಮೇಲೆ ನೀವು ಗೋಡೆಗುಂಟ ಅಂಬೆಗಾಲಿಡುತ್ತ ಹೋಗಿ. ಎಲ್ಲಿ ಸ್ವರ ಊದಿಕೊಳ್ಳದೆ, ಬತ್ತದೆ, ಒಂದೇ ಹದದಲ್ಲಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಶಬ್ದ ಇಲ್ಲಿಂದ ಅಲ್ಲಿಗೆ ಹೋಗುವಂತೆಯೇ ಅಲ್ಲಿಂದ ಇಲ್ಲಿಗೂ ಬರುತ್ತದೆ ಎಂಬ ನಿಯಮ ಇದರ ಹಿಂದಿದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲವಾದ್ದರಿಂದ, ಪೆಟ್ಟಿಗೆ ಟಿ.ವಿ.ಯ ಪಕ್ಕದಲ್ಲೇ ಇರಬೇಕೆಂದಿಲ್ಲ.

ಪರೀಕ್ಷೆಗೆ ನಾನು ಹಾಕಿದ್ದು ಕಚೇರಿಯ ಬಹರೈನಿ ಗೆಳೆಯ ಕಳುಹಿಸಿದ ಫಿಜ್ರಿ ಹಾಡು. ಫಿಜ್ರಿ ಎಂದರೆ ಇಲ್ಲಿನ ಮುತ್ತು ಮುಳುಗುಗಾರರ ಹಾಡು. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಮುಖ್ಯ ಗಾಯಕ ಮೇಲೆ ಹಾಡುವಾಗ ಸುತ್ತ ಕೂತವರು ಸಮುದ್ರದ ತಳದಿಂದ ಬಂದಂಥ ಮಂದ್ರದಲ್ಲಿ ಗುಂಗು ಹಿಡಿಯುತ್ತಾರೆ, ಜೊತೆಗೆ ನಮ್ಮ ಘಟಂನಂಥ ಮಣ್ಣಿನ ಮಡಕೆ ನುಡಿಯುತ್ತದೆ. ಆ ಗುಂಗಿಗೆ ಕಿವಿಗೊಟ್ಟು ನಲವತ್ತು ದಾಟಿದ ಲೆಕ್ಕಪರಿಶೋಧಕ ನೆಲದ ಮೇಲೆ ಹರಿದಾಡುವುದನ್ನು ಕಂಡು ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. "ನೀನು ಇಷ್ಟು ಚಂದ ಅಂಬೆಗಾಲಿಟ್ಟದ್ದು ಒಂದು ವರ್ಷದಲ್ಲಿ ಇರುವಾಗಲೂ ನೋಡ್ಲಿಲ್ಲ" ಎಂದರು.

ಜಾಗ ಸಿಕ್ಕಿದ್ದು ಉದ್ದದ ಗೋಡೆಯ ನಡುವಿನ ಹತ್ತಿರ. ಮೂಲೆ ಬಿಟ್ಟದ್ದರಿಂದ ಗುಡುಗು ಇಳಿಯಿತು. ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮಂದ್ರಸ್ವರವನ್ನು ಗೋಡೆ, ಸ್ಲ್ಯಾಬ್‌ಗಳು ತಡೆಯುವುದು ಬಹಳ ಕಡಿಮೆ. ಪೆಟ್ಟಿಗೆಯ ಅಡಿಗೆ ರಬ್ಬರ್ ಇಟ್ಟರೆ ನೆಲಕ್ಕೆ ನೇರ ತಾಗುವ ನಡುಕ ಕಡಿಮೆಯಾಗುತ್ತದೆಯೇ ಹೊರತು ಗಾಳಿಯಲ್ಲಿ ಹೋಗುವ ಸದ್ದು ನಿಲ್ಲುವುದಿಲ್ಲ. ಅದಕ್ಕೆ ಮದ್ದು ನೆರೆಹೊರೆಯ ಮಾತುಕತೆ ಮಾತ್ರ. ಈಗ ಪ್ರತಿ ವಾರ ಅವರು ತಮ್ಮ ಡ್ಯೂಟಿ ಪಟ್ಟಿಯನ್ನು ನನ್ನ ಹೆಂಡತಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಅವರು ಮಲಗುವ ಹೊತ್ತಿಗೆ ಸಬ್‌ವೂಫರ್ ಬಂದ್. ತಾಳಮದ್ದಳೆಯ ಮಾತಿಗೆ ಅದು ಬೇಕಾಗಿಯೂ ಇಲ್ಲ. ಬಂದ್ ಮಾಡಿದ ದಿನವೇ ಮಾತು ಇನ್ನಷ್ಟು ತಿಳಿಯಿತು ಎಂದರು ಅಮ್ಮ.

ಮಜ್ಲಿಸ್ ಕಲಿಸಿದ ಪಾಠ

ಅದೇ ಗೆಳೆಯ ಒಂದು ಸಂಜೆ ಮುಹರ್ರಕ್‌ನ ತನ್ನ ಮನೆಯ ಮಜ್ಲಿಸ್‌ಗೆ ಕರೆದಿದ್ದ. ಅತಿಥಿಗಳನ್ನು ಕೂರಿಸುವ ಕೋಣೆಯದು. ಗೋಡೆಯಿಂದ ಗೋಡೆಗೆ ದಪ್ಪ ಜಮಖಾನ, ಮೂರು ಸುತ್ತಿನಲ್ಲೂ ಮೆತ್ತೆ, ಒರಗುದಿಂಬು, ಕಿಟಕಿಗಳಿಗೆ ನೆಲ ಮುಟ್ಟುವ ಪರದೆ. ಹತ್ತು ಹನ್ನೆರಡು ಜನ ಗಹ್ವಾ ಕುಡಿಯುತ್ತ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಬರುವ ಅರಬ್ಬಿ ಅಷ್ಟಕ್ಕಷ್ಟೆ. ಆದರೂ ಆ ತುದಿಯಲ್ಲಿ ಕೂತ ಮುದುಕರ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಯಾರೂ ದನಿ ಏರಿಸುತ್ತಿರಲಿಲ್ಲ, ಏರಿಸುವ ಅಗತ್ಯವೇ ಇರಲಿಲ್ಲ.

ನಮ್ಮ ಹಾಲ್‌ನಲ್ಲಿ ಹೊಳೆಯುವ ಟೈಲ್ಸ್, ಬೋಳು ಗೋಡೆ, ಗಾಜಿನ ಬಾಗಿಲು. ಚಪ್ಪಾಳೆ ತಟ್ಟಿದರೆ ಝಣ್ ಎನ್ನುತ್ತದೆ. ವಿಜಯಪುರದ ಗೋಳಗುಮ್ಮಟದೊಳಗೆ ಕೂಗಿದ್ದು ಮರಳಿ ಮರಳಿ ಬರುವುದನ್ನು ಕೇಳಿ ಮಕ್ಕಳು ಖುಷಿಪಡುತ್ತಾರೆ. ಆದರೆ ಅಲ್ಲಿ ಕೂತು ತಾಳಮದ್ದಳೆ ಕೇಳಲಾಗದು.

ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ಹಾರ್ವರ್ಡ್‌ನ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಸರಿಪಡಿಸುವ ಕೆಲಸ ಈ ತರುಣ ಅಧ್ಯಾಪಕರ ಪಾಲಿಗೆ ಬಂತು. ಅವರು ಇನ್ನೊಂದು ಸಭಾಂಗಣದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಆರಲು ಎಷ್ಟು ಸೆಕೆಂಡ್ ಬೇಕೆಂದು ಅಳೆಯುತ್ತ ಹೋದರು. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಆರಿತು. ಹೊರಬಂದ ಸೂತ್ರ ನಮ್ಮಂಥ ಲೆಕ್ಕದವರಿಗೆ ಹೇಳಿ ಮಾಡಿಸಿದ್ದು: ಕೋಣೆಯ ಘನಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿ. ಬರುವುದು ಅನುರಣನದ ಕಾಲ. ಟೈಲ್ಸ್, ಗಾರೆ ಗೋಡೆಗಳು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಹೀರಿದರೆ ಹೆಚ್ಚು. ಮಡಿಕೆ ಬಿದ್ದ ದಪ್ಪ ಪರದೆ ಅರ್ಧದಷ್ಟು ಹೀರುತ್ತದೆ.

ನಮ್ಮ ಹಾಲ್ ಖಾಲಿಯಿದ್ದರೆ ಈ ಲೆಕ್ಕದಲ್ಲಿ ಸುಮಾರು 3.3 ಸೆಕೆಂಡ್. ಸೋಫಾ ಮತ್ತು ಮೂರು ಜನ ಸೇರಿದಾಗ 1.1. ಹನ್ನೆರಡು ಚದರ ಮೀಟರ್ ಜಮಖಾನ, ಒಂದು ಗೋಡೆಗೆ ದಪ್ಪ ಪರದೆ ಹಾಕಿದ ಮೇಲೆ ಅರ್ಧ ಸೆಕೆಂಡಿನ ಆಸುಪಾಸು. ಮನೆಯ ಮಾತಿಗೆ ಇದು ಒಳ್ಳೆಯ ಹದ. ಪರದೆಯೂ ಜಮಖಾನವೂ ಸೇರಿ ಹೋಮ್ ಥಿಯೇಟರ್‌ನ ಕಾಲು ಭಾಗದ ಬೆಲೆಯೂ ಆಗಲಿಲ್ಲ.

ಊರಿನ ಹೊಸ ಮನೆ

ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮ್ಮ ಒಂದು ದಿನ ಮೆಲ್ಲನೆ ಕೇಳಿದರು: "ಹಾಗಾದ್ರೆ ಊರಲ್ಲಿ ನಾನು ಟಿ.ವಿ. ಬಂದ್ ಮಾಡಿ ಹಿತ್ತಿಲಲ್ಲಿ ಕೂರುವುದೂ ಇದೇ ಕಾರಣಕ್ಕೆ ಇರಬಹುದಾ?"

ಐದು ವರ್ಷದ ಹಿಂದೆ ಕುಂದಾಪುರದ ಬಳಿ ಕಟ್ಟಿಸಿದ ಮನೆ ಅದು. ಹದಿನೈದು ವರ್ಷದ ಉಳಿತಾಯ. ಒಂಬತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಎರಡು ಮಹಡಿಯ ಎತ್ತರದ ಹಾಲ್. ಗ್ರಾನೈಟ್ ನೆಲ. ಗೃಹಪ್ರವೇಶಕ್ಕೆ ಬಂದವರೆಲ್ಲ ತಲೆಯೆತ್ತಿ ನೋಡಿದ್ದೇ ನೋಡಿದ್ದು. ಅದರ ಲೆಕ್ಕ ಹಾಕಿದೆ. ಸೋಫಾ, ಕಿಟಕಿ ಎಲ್ಲ ಸೇರಿಸಿದರೂ ಅನುರಣನ ಸುಮಾರು ಮೂರು ಸೆಕೆಂಡ್. ಒಂದು ಪದ ಆರುವ ಮೊದಲೇ ಅದರ ಮೇಲೆ ಹತ್ತು ಪದ ಬೀಳುತ್ತದೆ.

ಹಳೆಯ ಮನೆಯ ಚಾವಡಿ ಚಿಕ್ಕದು. ಮೇಲೆ ಹೆಂಚು, ಮರದ ಅಟ್ಟ, ಹಗ್ಗದ ಮೇಲೆ ಬಟ್ಟೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಅಕ್ಕಿ ಮುಡಿ. ಅಲ್ಲಿ ಅಮ್ಮನಿಗೆ ಒಂದು ಸಣ್ಣ ರೇಡಿಯೊ ಸಾಕಾಗುತ್ತಿತ್ತು. ದೊಡ್ಡ ಹಾಲ್ ಕಟ್ಟಿ, ದೊಡ್ಡ ಟಿ.ವಿ. ತೂಗುಹಾಕಿ, ಇಷ್ಟೆಲ್ಲ ಮಾಡಿಕೊಟ್ಟೆನಲ್ಲ ಎಂದು ನಾನು ಇಲ್ಲಿ ಸಮಾಧಾನದಲ್ಲಿದ್ದೆ. ಅವರು ಅಲ್ಲಿ ಮಾತು ತಿಳಿಯದೆ, ಹೇಳಿದರೆ ಮಗನಿಗೆ ಬೇಸರವಾದೀತೆಂದು ಹಿತ್ತಿಲಲ್ಲಿ ಕೂರುತ್ತಿದ್ದರು. ವೀಡಿಯೊ ಕಾಲ್‌ನಲ್ಲಿ "ಆಯ್ತು ಮಗಾ, ಇಡ್ತೇನೆ" ಎಂದು ಬೇಗ ಮುಗಿಸುತ್ತಿದ್ದುದಕ್ಕೂ ಅದೇ ಕಾರಣ. ಅವರು ಮಾತಾಡುತ್ತಿದ್ದದ್ದೂ ಅದೇ ಹಾಲ್‌ನಲ್ಲಿ ನಿಂತು.

ಮುಂದೆ ಶ್ರವಣಯಂತ್ರ ಬೇಕಾದರೂ ಈ ಲೆಕ್ಕ ತಪ್ಪುವುದಿಲ್ಲ. ಯಂತ್ರ ಮಾತನ್ನು ದೊಡ್ಡದು ಮಾಡುವಂತೆ ಗೋಡೆಯಿಂದ ಬಂದ ಸದ್ದನ್ನೂ ದೊಡ್ಡದು ಮಾಡುತ್ತದೆ.

ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಕರಾವಳಿಯ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಜಮಖಾನ ಹಾಸುವ ಹಾಗಿಲ್ಲ. ಹಾಗಾಗಿ ತಮ್ಮನಿಗೆ ಫೋನ್ ಮಾಡಿ ಸುಲಭದ ದಾರಿ ಹಿಡಿದೆ. ಟಿ.ವಿ.ಯನ್ನು ಹಾಲ್‌ನಿಂದ ತೆಗೆದು ಅಮ್ಮನ ಮಲಗುವ ಕೋಣೆಯ ಪಕ್ಕದ ಚಿಕ್ಕ ಕೋಣೆಗೆ ಹಾಕಿಸಿದೆ. ಅಲ್ಲೊಂದು ಮಂಚ, ಹತ್ತಿಯ ಹಾಸಿಗೆ, ಬಟ್ಟೆಯ ಪರದೆ. ಹಾಸಿಗೆಗಿಂತ ಒಳ್ಳೆಯ ಹೀರುಕ ಮನೆಯಲ್ಲಿ ಇನ್ನೊಂದಿಲ್ಲ.

ನೀವೂ ಮಾಡಿ ನೋಡಿ

• ಹೊಸ ಸೆಟ್ ಕಳುಹಿಸಿ ಎನ್ನುವ ಮೊದಲು ಹಿರಿಯರು ಕೂರುವ ಜಾಗದಲ್ಲಿ ನೀವು ಹತ್ತು ನಿಮಿಷ ಕೂತು ಕೇಳಿ.

• ಟ್ವೀಟರ್ ಕಿವಿಯ ಎತ್ತರಕ್ಕೆ, ಮುಖದ ಕಡೆಗೆ ಇರಲಿ. ಸೌಂಡ್‌ಬಾರ್‌ನ್ನು ಶೋಕೇಸ್‌ನ ಒಳಗೆ ತಳ್ಳಬೇಡಿ.

• ಸಬ್‌ವೂಫರ್ ಮೂಲೆಯಿಂದ ಹೊರಗಿರಲಿ, ಸೋಫಾ ಗೋಡೆಯಿಂದ ತುಸು ಮುಂದಿರಲಿ. ಮಾತಿನ ಕಾರ್ಯಕ್ರಮಕ್ಕೆ ಸಬ್‌ವೂಫರ್ ತಗ್ಗಿಸಿ.

• ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಉಪಯೋಗವಿಲ್ಲ. ತೆಳು ಸ್ಪಂಜು ಮಂದ್ರಸ್ವರವನ್ನು ಮುಟ್ಟುವುದೂ ಇಲ್ಲ. ದಪ್ಪ ಪರದೆ, ಹಾಸಿಗೆ, ಪುಸ್ತಕ ತುಂಬಿದ ಕಪಾಟು ಇವೇ ಮೇಲು.

• ಮನೆ ಇನ್ನೂ ಕಟ್ಟಿಸುತ್ತಿದ್ದರೆ ಎತ್ತರದ ಹಾಲ್ ಜೊತೆಗೆ ಮಾತಾಡಲು ಒಂದು ಚಿಕ್ಕ, ಮೆತ್ತಗಿನ ಕೋಣೆಯನ್ನೂ ಎಂಜಿನಿಯರ್ ಬಳಿ ಕೇಳಿ.

• "ಮಾತು ತಿಳಿಯುವುದಿಲ್ಲ" ಎಂದರೆ ಕಿವಿ ಪರೀಕ್ಷೆಯನ್ನೂ ಮಾಡಿಸಿ. ಕೋಣೆ ಸರಿಪಡಿಸಿದೆವೆಂದು ಅದನ್ನು ಬಿಡಬೇಡಿ.

ಜನವರಿಯಲ್ಲಿ ಅಮ್ಮ ಊರಿಗೆ ಮರಳಿದರು. ಮೊದಲ ಭಾನುವಾರ ಫೋನ್ ಬಂತು. ನಾನು "ಊಟ ಆಯ್ತಾ" ಎನ್ನುವ ಮೊದಲೇ ಅವರು ಶುರು ಮಾಡಿದರು: "ಇವತ್ತು ಕೃಷ್ಣ ಸಂಧಾನ ಇತ್ತು. ಕೌರವ ಎಂತ ಹೇಳಿದ ಗೊತ್ತುಂಟಾ? ಅದಕ್ಕೆ ಕೃಷ್ಣ ಎಂತ ಉತ್ತರ ಕೊಟ್ಟ ಅಂದ್ರೆ..." ಎರಡೂ ಪಾತ್ರದ ಅರ್ಥವನ್ನು ತಾವೇ ಹೇಳುತ್ತ ಹೋದರು. ನಲವತ್ತು ನಿಮಿಷ. ನಾನು ನಡುನಡುವೆ ಹೂಂ ಎನ್ನುತ್ತ ಕೇಳುತ್ತಿದ್ದೆ.